ಎರೆ ಮಣ್ಣಿನಲ್ಲಿ ಉಕ್ಕಿನ ಪೈಪ್ ಪೈಲ್: ದಾವಣಗೆರೆ ಮನೆಗಳಿಗೆ ಆಗುತ್ತಾ?

ಚಿಕ್ಕಪ್ಪನ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಹಾಲ್‌ನ ಕಿಟಕಿ ಮೂಲೆಗೆ. ದಾವಣಗೆರೆಯ ಹೊರವಲಯದಲ್ಲಿ, ಭದ್ರಾ ನಾಲೆಯ ನೀರು ಹರಿಯುವ ಕಡೆ ಇರುವ ಲೇಔಟು ಅದು. ಹದಿನೈದು ವರ್ಷದ ಹಿಂದೆ ಅಲ್ಲಿ ಭತ್ತ ನಾಟಿ ಮಾಡುತ್ತಿದ್ದರು. ಕಿಟಕಿಯ ಕೆಳಮೂಲೆಯಿಂದ ಒಂದು ಬಿರುಕು ಓರೆಯಾಗಿ ನೆಲದ ಕಡೆ ಇಳಿದಿದೆ. ಏಪ್ರಿಲ್‌ನಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತದೆ. ಆಗಸ್ಟ್ ಹೊತ್ತಿಗೆ ಬಿರುಕು ಮುಚ್ಚಿಕೊಳ್ಳುತ್ತದೆ, ಆದರೆ ಅಡುಗೆಮನೆ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕಮ್ಮ ಭುಜ ಕೊಟ್ಟು ತಳ್ಳಿ ಒಳಗೆ ಹೋಗುತ್ತಾರೆ.

"ಮೂರು ಸಲ ಸಿಮೆಂಟ್ ತುಂಬಿಸ್ದೆ ನೋಡಪ್ಪ. ಮೇಸ್ತ್ರಿ ಮಾಲು ಸರಿ ಹಾಕಿಲ್ಲ ಅನ್ಸುತ್ತೆ" ಅಂತ ಚಿಕ್ಕಪ್ಪ ಹೇಳುತ್ತಾರೆ. ನಾನು ಗೋಡೆ ನೋಡಿದ್ದೇನೆ. ಮಾಲು ಚೆನ್ನಾಗಿಯೇ ಇದೆ. ಗೋಡೆಯ ತಪ್ಪೇ ಅಲ್ಲ ಅದು. ಕೆಳಗಿನ ಮಣ್ಣು ವರ್ಷಕ್ಕೊಮ್ಮೆ ಏಳುತ್ತದೆ, ವರ್ಷಕ್ಕೊಮ್ಮೆ ಇಳಿಯುತ್ತದೆ. ಗೋಡೆ ಅದರ ಜೊತೆ ಹೋಗಲಾರದೆ ಬಿರಿಯುತ್ತದೆ.

ಮನೆ ಕಟ್ಟಿಸುವವರು ಈಗೀಗ ಮೊಬೈಲ್‌ನಲ್ಲಿ ವಿಡಿಯೊ ತೋರಿಸಿ ಒಂದು ಪ್ರಶ್ನೆ ಕೇಳುತ್ತಾರೆ. "ಸರ್, ಹೊರದೇಶದಲ್ಲಿ ಹಿಂಗೆ ಕಬ್ಬಿಣದ ಪೈಪ್ ನೆಲಕ್ಕೆ ಹೊಡ್ದು ಅದರ ಮೇಲೆ ಮನೆ ಕಟ್ತಾರಲ್ಲ, ನಮ್ಮೂರಲ್ಲಿ ಆಗಲ್ವಾ?" ಹೀಗೆ ಮನೆಯ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಕಂಬಕ್ಕೇ ಪೈಲ್ ಅನ್ನುವುದು. ಆಗುತ್ತದೆ. ಆದರೆ ಎಲ್ಲ ಕಡೆ ಬೇಡ. ಬೇಕಾದ ಕಡೆಯೂ ಆ ವಿಡಿಯೊದಲ್ಲಿ ಕಾಣುವ ಹಾಗೆಯೇ ಹೊಡೆದರೆ ನಮ್ಮ ಎರೆ ಮಣ್ಣಿನಲ್ಲಿ ಕೆಲಸ ಕೆಡುತ್ತದೆ. ಯಾಕೆಂದರೆ ಅಲ್ಲಿಯ ಮೆತ್ತನೆ ನೆಲದ ಕಷ್ಟ ಒಂದು, ನಮ್ಮ ಎರೆಯ ಕಷ್ಟ ಇನ್ನೊಂದು. ಮೆತ್ತನೆ ನೆಲದಲ್ಲಿ ಮನೆ ಕುಸಿಯುತ್ತದೆ. ಎರೆಯಲ್ಲಿ ಮನೆಯನ್ನು ಮಣ್ಣೇ ಎತ್ತುತ್ತದೆ.

ಎರೆಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಅನ್ನುವ ಜೇಡಿ ಖನಿಜ ಇರುತ್ತದೆ. ತೆಳ್ಳನೆ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗಿರುತ್ತದೆ ಅದು. ನೀರು ಸಿಕ್ಕರೆ ಹಾಳೆಗಳ ನಡುವೆ ಹೊಕ್ಕು ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಬಿಸಿಲಿಗೆ ನೀರು ಹೋದರೆ ಹಾಳೆಗಳು ಹತ್ತಿರ ಬರುತ್ತವೆ, ಮಣ್ಣು ಕುಗ್ಗಿ ಬಾಯಿ ಬಿಡುತ್ತದೆ. ಮೇ ತಿಂಗಳಲ್ಲಿ ಎರೆ ಹೊಲದಲ್ಲಿ ನಡೆದವರಿಗೆ ಇದು ಗೊತ್ತು. ಬಿರುಕಿನೊಳಗೆ ಕೈ ಹಾಕಿದರೆ ಮೊಣಕೈ ತನಕ ಹೋಗುತ್ತದೆ. ಹತ್ತಿಗೆ ಈ ಮಣ್ಣು ಬಂಗಾರ. ದಾವಣಗೆರೆಗೆ ಹತ್ತಿ ಗಿರಣಿಗಳ ಹೆಸರು ಬಂದಿದ್ದರಲ್ಲಿ ಈ ನೆಲದ ಪಾಲೂ ಇದೆ. ನೀರು ಹಿಡಿದಿಟ್ಟುಕೊಳ್ಳುವ ಗುಣವೇ ಬೆಳೆಗೆ ಒಳ್ಳೆಯದು, ಗೋಡೆಗೆ ಕೆಟ್ಟದ್ದು.

ಮಣ್ಣು ಎಲ್ಲ ಕಡೆ ಒಂದೇ ಸಮ ಎದ್ದು ಒಂದೇ ಸಮ ಇಳಿದರೆ ಮನೆಗೆ ಅಷ್ಟೇನೂ ತೊಂದರೆಯಿಲ್ಲ. ಆದರೆ ಹಾಗಾಗುವುದಿಲ್ಲ. ಮನೆಯ ನಡುವಿನ ನೆಲಕ್ಕೆ ಬಿಸಿಲು ತಾಗುವುದಿಲ್ಲ, ಅಲ್ಲಿ ತೇವ ಹಾಗೇ ಉಳಿಯುತ್ತದೆ. ಹೊರಗಿನ ಅಂಚು ಬೇಸಿಗೆಯಲ್ಲಿ ಒಣಗಿ ಇಳಿಯುತ್ತದೆ. ಬಚ್ಚಲ ನೀರು ಬೀಳುವ ಮೂಲೆ ವರ್ಷವಿಡೀ ಉಬ್ಬಿಕೊಂಡೇ ಇರುತ್ತದೆ. ಬೇವಿನ ಮರ ಇರುವ ಕಡೆ ಬೇರು ತೇವ ಹೀರಿ ಮಣ್ಣು ಇನ್ನೂ ಜಾಸ್ತಿ ಕುಗ್ಗುತ್ತದೆ. ಒಂದೇ ಮನೆಯ ನಾಲ್ಕು ಮೂಲೆಗಳು ನಾಲ್ಕು ಥರ ಆಡುತ್ತವೆ. ನಾಲೆ ಪಕ್ಕದ ಲೇಔಟುಗಳಲ್ಲಿ ಇದರ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ. ನಾಲೆಗೆ ನೀರು ಬಿಟ್ಟಾಗ ಪಕ್ಕದ ಗದ್ದೆಯಿಂದ ತೇವ ಬರುತ್ತದೆ, ನಿಲ್ಲಿಸಿದಾಗ ಹೋಗುತ್ತದೆ. ಅಂದರೆ ಮಳೆಗಾಲ, ಬೇಸಿಗೆ ಅನ್ನುವ ಎರಡೇ ಕಾಲವಲ್ಲ, ನಾಲೆಯ ಕಾಲವೂ ಒಂದಿದೆ.

ನಮ್ಮ ಕಡೆ ರೂಢಿಯಲ್ಲಿರುವ ಉಪಾಯ ಎಂದರೆ ಎರೆಯನ್ನು ನಾಲ್ಕೈದು ಅಡಿ ತೆಗೆದು ಗರಸು ತುಂಬಿ, ಕುಟ್ಟಿ, ಅದರ ಮೇಲೆ ಸೈಜುಗಲ್ಲಿನ ಪಾಯ ಹಾಕುವುದು. ಎರೆ ತೆಳುವಾಗಿದ್ದು ಅದರ ಕೆಳಗೇ ಗಟ್ಟಿ ಗರಸು ಸಿಕ್ಕರೆ ಇದು ಒಳ್ಳೆಯ ಕೆಲಸ. ಎರೆ ಹದಿನೈದು ಅಡಿ ಇದ್ದರೆ ಅಲ್ಲ. ತುಂಬಿದ ಗರಸಿನೊಳಗೆ ನೀರು ಸುಲಭವಾಗಿ ಇಳಿಯುತ್ತದೆ, ಸುತ್ತಲಿನ ಎರೆ ಆ ನೀರನ್ನು ಹೊರಗೆ ಬಿಡುವುದಿಲ್ಲ. ಪಾಯದ ಸುತ್ತ ನಾವೇ ಒಂದು ತೊಟ್ಟಿ ಕಟ್ಟಿಕೊಟ್ಟ ಹಾಗಾಗುತ್ತದೆ. ತೊಟ್ಟಿಯ ನೀರನ್ನು ಕೆಳಗಿನ ಎರೆ ನಿಧಾನಕ್ಕೆ ಕುಡಿದು ಉಬ್ಬುತ್ತದೆ. ಚಿಕ್ಕಪ್ಪನ ಮನೆಯಲ್ಲಿ ಆಗಿರುವುದು ಇದೇ ಅಂತ ನನ್ನ ಅನಿಸಿಕೆ.

ಹಾಗಾಗಿ ಯಾವ ಪಾಯ ಅನ್ನುವ ಮೊದಲು ಯಾವ ಮಣ್ಣು ಅನ್ನುವುದು ಗೊತ್ತಾಗಬೇಕು. ಇದಕ್ಕೆ ತುಂಬಾ ಸರಳವಾದ ಒಂದು ಪರೀಕ್ಷೆ ಇದೆ. ಒಲೆಯಲ್ಲಿ ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಭಾಗ ತೂಗಿಕೊಳ್ಳುತ್ತಾರೆ. 100 ಮಿಲಿಲೀಟರ್‌ನ ಎರಡು ಗಾಜಿನ ಜಾಡಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಮಣ್ಣು ಹಾಕಿ, ಗುಳ್ಳೆ ಹೋಗುವ ಹಾಗೆ ಕದಡಿ, 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ, ಸುಮ್ನೆ ತಳದಲ್ಲಿ ಕೂರುತ್ತದೆ. ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆ ಜಾಡಿಯಲ್ಲಿ ಮಣ್ಣು 11ನೇ ಗೆರೆಗೆ ನಿಂತು, ನೀರಿನ ಜಾಡಿಯಲ್ಲಿ 22ನೇ ಗೆರೆಗೆ ಬಂದರೆ ಮಣ್ಣು ಶೇಕಡಾ 100 ಉಬ್ಬಿತು ಅಂತ ಅರ್ಥ. ಎರಡು ಜಾಡಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಮನೆ ಕಟ್ಟಿಸುವವರಿಗೆ ಬೇರೆ ಮಾತೇ ಬೇಡ. ಇದರ ಜೊತೆ ಸೈಟಿನಲ್ಲಿ ಬೋರ್ ಹಾಕಿ ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್) ಅನ್ನುವ ಪರೀಕ್ಷೆ ಮಾಡಿಸಬೇಕು. 63.5 ಕೆಜಿ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಟ್ಟು, ಸಲಕರಣೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕಾಯಿತು ಅಂತ ಎಣಿಸುವುದು. ಎರೆ ಎಲ್ಲಿಗೆ ಮುಗಿಯಿತು, ಗರಸು ಎಲ್ಲಿ ಶುರುವಾಯಿತು, ನೀರು ಎಷ್ಟು ಅಡಿಗೆ ಸಿಕ್ಕಿತು ಎಲ್ಲವೂ ಅದರಲ್ಲೇ ತಿಳಿಯುತ್ತದೆ. ಮನೆಯ ಮುಂಬಾಗಿಲಿಗೆ ತೇಗದ ಮರ ಆರಿಸಲು ಎರಡು ದಿನ ಓಡಾಡುವ ಜನ ಇದೊಂದನ್ನು ಬಿಟ್ಟುಬಿಡುವುದು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ಎರೆ ಆಳವಾಗಿದೆ ಅಂತ ಗೊತ್ತಾದರೆ ಮೊದಲು ಯೋಚಿಸಬೇಕಾದದ್ದು ಉಕ್ಕಿನ ಪೈಪ್ ಅಲ್ಲ. ನಮ್ಮ ದೇಶದಲ್ಲೇ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಇದೆ. ಕೊರೆದ ಗುಂಡಿಯ ತಳದಲ್ಲಿ ಗಡ್ಡೆಯ ಹಾಗೆ ಅಗಲ ಮಾಡಿ, ಕಂಬಿ ಇಳಿಸಿ, ಕಾಂಕ್ರೀಟ್ ತುಂಬುವುದು. ಗಡ್ಡೆ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು ಅಗಲ ಇರುತ್ತದೆ. ಮೇಲಿನ ಮಣ್ಣು ಕಂಬವನ್ನು ಹಿಡಿದು ಎತ್ತಲು ನೋಡಿದಾಗ ಕೆಳಗಿನ ಗಡ್ಡೆ ಲಂಗರಿನ ಹಾಗೆ ಹಿಡಿದು ನಿಲ್ಲಿಸುತ್ತದೆ. ಪೈಲ್‌ಗಳ ಭಾರತೀಯ ಮಾನಕ ಐಎಸ್ 2911ರಲ್ಲಿ ಇದಕ್ಕಾಗಿಯೇ ಇರುವ ಮೂರನೇ ಭಾಗದಲ್ಲಿ, ಆಳವಾದ ಎರೆಯಲ್ಲಿ ಪೈಲ್ ಕನಿಷ್ಠ 3.5 ಮೀಟರ್ ಉದ್ದ ಇರಬೇಕು ಅಂತ ಇದೆ. ವರ್ಷದ ಉಬ್ಬಿಳಿತ ನಡೆಯುವ ಪದರವನ್ನು ದಾಟಬೇಕು ಅನ್ನುವುದು ಅದರ ಉದ್ದೇಶ. ಒಣ ಎರೆಯಲ್ಲಿ ಗುಂಡಿ ಚೆನ್ನಾಗಿ ನಿಲ್ಲುತ್ತದೆ, ಆಗರ್ ಅನ್ನುವ, ಕೈಯಿಂದ ತಿರುಗಿಸುವ ಸಲಕರಣೆಯಲ್ಲೇ ಕೊರೆಯಬಹುದು. ಒಣ ನೆಲದ ಒಂದೆರಡು ಅಂತಸ್ತಿನ ಮನೆಗೆ ಇವತ್ತಿಗೂ ನಾನು ಇದನ್ನೇ ಹೇಳುತ್ತೇನೆ.

ಕಷ್ಟ ಬರುವುದು ಗುಂಡಿ ನಿಲ್ಲದ ಕಡೆ. ಗದ್ದೆ ಮುಚ್ಚಿ ಮಾಡಿದ ಸೈಟು, ಆರು ಅಡಿಗೇ ನೀರು, ನಡುವೆ ಮರಳಿನ ಒಂದು ಪದರ. ಹಳೇ ಇಟ್ಟಿಗೆ ಭಟ್ಟಿಯ ಗುಂಡಿಗೆ ಕಸ, ಕಟ್ಟಡದ ಒಡಕು ಸುರಿದು ಸಮ ಮಾಡಿದ ಜಾಗ. ಹರಿಹರದ ಕಡೆ ತುಂಗಭದ್ರೆ ದಡದ ಮೆಕ್ಕಲು. ಇಂಥಲ್ಲಿ ಕೊರೆಯುತ್ತಿದ್ದ ಹಾಗೇ ಗುಂಡಿಯ ಗೋಡೆ ಒಳಗೆ ಜಾರುತ್ತದೆ. ಅದನ್ನು ಲೆಕ್ಕಿಸದೆ ಕಾಂಕ್ರೀಟ್ ಸುರಿದರೆ ಎಂಟು ಅಡಿಯಲ್ಲಿ ಕಂಬದ ಸೊಂಟ ಸಣ್ಣಗಾಗಿರುತ್ತದೆ, ತಳದಲ್ಲಿ ಗಡ್ಡೆ ಇರಬೇಕಾದ ಕಡೆ ಕೆಸರು ಕೂತಿರುತ್ತದೆ. ಮೇಲಿನಿಂದ ನೋಡಿದರೆ ಪೈಲ್ ಅಂದವಾಗಿಯೇ ಕಾಣುತ್ತದೆ.

ಉಕ್ಕಿನ ಪೈಪ್‌ನ ನಿಜವಾದ ಬೆಲೆ ಇರುವುದು ಇಲ್ಲಿ. ಬೋರ್‌ವೆಲ್ ಹಾಕಿಸಿದವರಿಗೆಲ್ಲ ಕೇಸಿಂಗ್ ಪೈಪ್ ಗೊತ್ತು. ಮೇಲಿನ ಮಣ್ಣು ಕುಸಿಯದಿರಲಿ ಅಂತ ಇಳಿಸುತ್ತೇವಲ್ಲ, ಅದೇ ಯೋಚನೆ. ಒಂದೇ ವ್ಯತ್ಯಾಸ ಎಂದರೆ ಇಲ್ಲಿ ಕೊರೆಯುವುದಿಲ್ಲ, ಗೂಟದ ಹಾಗೆ ಹೊಡೆಯುತ್ತಾರೆ. ತಳ ಮುಚ್ಚಿದ ಪೈಪ್ ಮಣ್ಣನ್ನು ಪಕ್ಕಕ್ಕೆ ಒತ್ತುತ್ತಾ ಇಳಿಯುತ್ತದೆ. ಹೊರಗೆ ಒಂದು ಪುಟ್ಟಿ ಮಣ್ಣೂ ಬರುವುದಿಲ್ಲ. ಎಷ್ಟೇ ನೀರಿದ್ದರೂ ಒಳಗೆ ಒಣಗಿರುತ್ತದೆ. ಕಾಂಕ್ರೀಟ್ ತುಂಬುವ ಹೊತ್ತಿಗೆ ಕಂಬದ ಆಕಾರ ಮೊದಲೇ ಸಿದ್ಧವಾಗಿರುತ್ತದೆ.

ಸಣ್ಣ ಪೈಪ್‌ಗಳನ್ನು ಹೊಡೆಯುವ ಒಂದು ವಿಧಾನ ನನಗೆ ತುಂಬಾ ಇಷ್ಟ. ಸುಮಾರು 220 ಮಿಲಿಮೀಟರ್ ಅಗಲದ ಪೈಪ್ ನಿಲ್ಲಿಸಿ, ಅದರೊಳಗೆ ತಳದಲ್ಲಿ ಎರಡು ಅಡಿಯಷ್ಟು ಒಣ ಕಾಂಕ್ರೀಟ್ ಹಾಕುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಮಾತ್ರ ನೀರು. ಆಮೇಲೆ ಮುನ್ನೂರು ನಾನ್ನೂರು ಕೆಜಿಯ ಉದ್ದನೆ ಉಕ್ಕಿನ ಗುಂಡನ್ನು ಪೈಪ್‌ನ ಒಳಗೇ ಎತ್ತಿ ಬಿಡುತ್ತಾರೆ. ಏಟು ಬಿದ್ದಾಗ ಒಣ ಕಾಂಕ್ರೀಟ್ ಪೈಪ್‌ನ ಗೋಡೆಗೆ ಬಿಗಿಯಾಗಿ ಕಚ್ಚಿಕೊಂಡು, ಪೈಪನ್ನು ತನ್ನ ಜೊತೆ ಕೆಳಗೆ ಎಳೆದುಕೊಂಡು ಹೋಗುತ್ತದೆ. ಏಟು ತಳದಲ್ಲಿ ಬೀಳುವುದರಿಂದ ಶಬ್ದವೂ ಕಡಿಮೆ. ಯಂತ್ರ ಚಿಕ್ಕದು. ಆರೇಳು ಅಡಿ ಓಣಿಯೊಳಗೂ, ಚಾವಣಿ ಇರುವ ಕೋಣೆಯೊಳಗೂ ಕೆಲಸ ಮಾಡಬಹುದು. ಒಂದು ತುಂಡು ಇಳಿದ ಮೇಲೆ ಇನ್ನೊಂದು ತುಂಡನ್ನು ವೆಲ್ಡಿಂಗ್ ಮಾಡಿ ಮುಂದುವರಿಸುತ್ತಾರೆ. ಇಲ್ಲಿ ವೆಲ್ಡರ್ ಕೈ ಚೆನ್ನಾಗಿರಬೇಕು. ಸುತ್ತ ಪೂರ್ತಿ ಬೆಸೆಯದೆ ಚುಕ್ಕೆ ಹಾಕಿಬಿಟ್ಟರೆ ನೆಲದೊಳಗೆ ಜೋಡಣೆ ಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ಇಲ್ಲ, ಗೊತ್ತಾಗುವ ದಾರಿ ಒಂದಿದೆ. ಹೊಡೆದು ಮುಗಿದ ಮೇಲೆ ಒಂದು ಕನ್ನಡಿ ಹಿಡಿದು ಬಿಸಿಲನ್ನು ಪೈಪ್‌ನೊಳಗೆ ಬಿಡಬೇಕು. ಬೆಳಕು ತಳದವರೆಗೆ ಇಳಿದು ಗುಂಡಗಿನ ತಳ ಪೂರ್ತಿ ಕಂಡರೆ ಪೈಪ್ ನೆಟ್ಟಗಿದೆ. ಅರ್ಧಚಂದ್ರದ ಹಾಗೆ ಕಂಡರೆ ಎಲ್ಲೋ ಬಾಗಿದೆ. ತಳದಲ್ಲಿ ನೀರು ಮಿನುಗಿದರೆ ಜೋಡಣೆ ಸೋರುತ್ತಿದೆ. ಕಾಂಕ್ರೀಟ್ ತುಂಬುವ ಮುಂಚೆ ಕಂಬದ ಒಳಗನ್ನು ಕಣ್ಣಾರೆ ನೋಡುವ ಅವಕಾಶ ನೀರು ತುಂಬಿದ ಗುಂಡಿಯಲ್ಲಿ ಎಲ್ಲಿ ಸಿಗುತ್ತದೆ? ಮನೆ ಯಜಮಾನರನ್ನು ಕರೆದು ತೋರಿಸಬೇಕಾದ ಕೆಲಸ ಇದು.

ಎತ್ತು ಕಟ್ಟುವ ಗೂಟ ಹೊಡೆದವರಿಗೆ, ಯಾವಾಗ ಅದು ಹಿಡಿಯಿತು ಅಂತ ಕೈಗೇ ತಿಳಿಯುತ್ತದೆ. ಪೈಲ್‌ನಲ್ಲಿ ಇದನ್ನು ಅಳತೆ ಹಾಕಿ ಬರೆದಿಡುತ್ತಾರೆ. ಕೊನೆಯ ಹತ್ತು ಏಟಿಗೆ ಎಷ್ಟು ಮಿಲಿಮೀಟರ್ ಇಳಿಯಿತು ಅನ್ನುವ ಆ ಅಳತೆಗೆ ಸೆಟ್ ಅನ್ನುತ್ತಾರೆ. ಗರಸಿಗೋ ಬಂಡೆಗೋ ತಾಗಿ ನಿಲ್ಲುವ ಪೈಲ್‌ಗೆ ಈ ಲೆಕ್ಕ ನಂಬಬಹುದು. ಬರೀ ಜೇಡಿಯಲ್ಲಿ ನಿಲ್ಲಿಸುವ ಪೈಲ್‌ಗೆ ಇದೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಹೊಡೆತಕ್ಕೆ ಜೇಡಿಯೊಳಗಿನ ನೀರಿನ ಒತ್ತಡ ಏರಿ ಮಣ್ಣು ತಾತ್ಕಾಲಿಕವಾಗಿ ಸಡಿಲವಾಗುತ್ತದೆ, ಪೈಪ್ ಸಲೀಸಾಗಿ ಇಳಿಯುತ್ತದೆ. ಕೆಲವು ದಿನ, ಕೆಲವು ವಾರ ಬಿಟ್ಟರೆ ಮಣ್ಣು ಮತ್ತೆ ಬಿಗಿಯುತ್ತದೆ. ಅದಕ್ಕೇ ಕಾದು, ಮತ್ತೆ ಹೊಡೆದು ನೋಡಬೇಕು ಇಲ್ಲವೇ ಭಾರ ಹೇರಿ ಪರೀಕ್ಷಿಸಬೇಕು. ಐಎಸ್ 2911ರ ನಾಲ್ಕನೇ ಭಾಗದಲ್ಲಿ ಇದರ ಕ್ರಮ ಇದೆ. ಕೆಲಸದ ಪೈಲ್ ಮೇಲೆ, ಅದು ಹೊರಬೇಕಾದ ಭಾರದ ಒಂದೂವರೆ ಪಟ್ಟು ಹೇರುತ್ತಾರೆ. ಮನೆ ಚಿಕ್ಕದಾದರೂ ಒಂದು ಪೈಲ್‌ಗಾದರೂ ಈ ಪರೀಕ್ಷೆ ಆಗಲೇಬೇಕು.

ಇಷ್ಟು ಸರಿ ಮಾಡಿದರೂ ಎರೆಯಲ್ಲಿ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ಉಕ್ಕಿನ ಪೈಪ್‌ಗೆ ತಳದಲ್ಲಿ ಗಡ್ಡೆ ಇಲ್ಲ. ಉಬ್ಬುವ ಮಣ್ಣು ಎತ್ತಿದರೆ ಹಿಡಿಯುವವರು ಯಾರು?

ಲೆಕ್ಕ ಹಾಕೋಣ. 219 ಮಿಲಿಮೀಟರ್ ಪೈಪ್‌ನ ಸುತ್ತಳತೆ ಸುಮಾರು 0.69 ಮೀಟರ್. ಮೇಲಿನ 3.5 ಮೀಟರ್ ಉಬ್ಬುವ ಪದರ ಅಂದುಕೊಂಡರೆ ಮಣ್ಣು ಹಿಡಿದುಕೊಳ್ಳುವ ಮೈ ಸುಮಾರು 2.4 ಚದರ ಮೀಟರ್. ಒಂದು ಚದರ ಮೀಟರ್‌ಗೆ 3 ಟನ್ ಅಂತ ಲೆಕ್ಕಕ್ಕೆ ಹಿಡಿದರೆ, ಒಂದೊಂದು ಪೈಲ್ ಅನ್ನು ಮಣ್ಣು 7 ಟನ್‌ಗೂ ಜಾಸ್ತಿ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಒಂದೇ ಅಂತಸ್ತಿನ ಮನೆಯಲ್ಲಿ ಒಂದು ಪೈಲ್ ಮೇಲೆ ಬೀಳುವ ಭಾರ ಎಷ್ಟೋ ಸಲ ಇಷ್ಟು ಇರುವುದಿಲ್ಲ. "ಚಿಕ್ಕ ಮನೆ ತಾನೆ, ಪಾಯ ಇಷ್ಟು ಸಾಕು" ಅನ್ನುವ ಮಾತು ಎರೆಯಲ್ಲಿ ತಲೆಕೆಳಗಾಗುವುದು ಇಲ್ಲೇ. ಮೂರಂತಸ್ತಿನ ಮನೆ ತನ್ನ ಭಾರದಿಂದಲೇ ಮಣ್ಣನ್ನು ಅದುಮಿ ಇಡಬಹುದು. ಹಗುರವಾದ ಮನೆಯನ್ನು, ಅದಕ್ಕಿಂತ ಹೆಚ್ಚಾಗಿ ಕಾಂಪೌಂಡ್ ಗೋಡೆಯನ್ನು, ಎರೆ ಸುಲಭವಾಗಿ ಎತ್ತಿಬಿಡುತ್ತದೆ.

ಈ ಎಳೆತಕ್ಕೆ ಎರಡು ಉತ್ತರ ಇವೆ. ಪೈಪನ್ನು ಇನ್ನೂ ಆಳಕ್ಕೆ ಒಯ್ಯುವುದು ಒಂದು. ಆಗ ಉಬ್ಬುವ ಪದರದ ಕೆಳಗೆ ಉಳಿದ ಉದ್ದವೇ ಲಂಗರಿನ ಕೆಲಸ ಮಾಡುತ್ತದೆ. 8 ಮೀಟರ್ ಪೈಲ್ ಆದರೆ ಕೆಳಗಿನ ನಾಲ್ಕೂವರೆ ಮೀಟರ್ ಆ 7 ಟನ್ ಅನ್ನು ಹಿಡಿದುಕೊಳ್ಳಬೇಕು. ಇನ್ನೊಂದು, ಮೇಲಿನ 3.5 ಮೀಟರ್‌ಗೆ ಮಣ್ಣಿನ ಹಿಡಿತವನ್ನೇ ತಪ್ಪಿಸುವುದು. ಪೈಪ್‌ನ ಹೊರಮೈಗೆ ದಪ್ಪನೆ ಡಾಂಬರು ಬಳಿಯಬಹುದು. ಇಲ್ಲವೇ ಮೊದಲು ಅಗಲವಾಗಿ ಕೊರೆದು ಒಂದು ದೊಡ್ಡ ತೋಳಿನಂಥ ಪೈಪ್ ಇಳಿಸಿ, ಅದರ ಒಳಗಿನಿಂದ ಪೈಲ್ ಹೊಡೆಯಬಹುದು. ಮಣ್ಣು ಹೊರಗಿನ ತೋಳನ್ನು ಹಿಡಿದು ಏಳುತ್ತದೆ, ಇಳಿಯುತ್ತದೆ. ಒಳಗಿನ ಪೈಲ್‌ಗೆ ಅದರ ಗೊಡವೆ ಇಲ್ಲ. ವಿಡಿಯೊದಲ್ಲಿ ಈ ತೋಳು ಕಾಣುವುದಿಲ್ಲ, ಯಾಕೆಂದರೆ ಅಲ್ಲಿಯ ಮಣ್ಣು ನಮ್ಮ ಎರೆಯಲ್ಲ.

ಪೈಲ್ ತಲೆಗಳನ್ನು ಸೇರಿಸುವ ಬೀಮ್ ಕೂಡ ಮಣ್ಣಿಗೆ ತಾಗಬಾರದು. ಕೆಳಗೆ ಮೂರ್ನಾಲ್ಕು ಇಂಚು ಖಾಲಿ ಬಿಡಬೇಕು, ಮಣ್ಣು ಉಬ್ಬಿ ಬರಲು ಜಾಗ ಇರಲಿ ಅಂತ. ಈ ಖಾಲಿ ಜಾಗವನ್ನು ನೋಡಿ "ಇದೇನು ಬಿಟ್ಟಿದೀರ" ಅಂತ ಯಾರೋ ಜೆಲ್ಲಿ ತುಂಬಿ ಬಿಗಿ ಮಾಡಿದರೆ ಪೈಲ್ ಹಾಕಿದ್ದೇ ವ್ಯರ್ಥ. ಮಣ್ಣು ಬೀಮ್ ಅನ್ನೇ ಹಿಡಿದು ಎತ್ತುತ್ತದೆ.

ತುಕ್ಕಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಭಯ ಇರುವಷ್ಟು ಅಪಾಯ ಇಲ್ಲ. ಕೆದಕದ ಸಹಜ ಮಣ್ಣಿನಲ್ಲಿ ಉಕ್ಕು 50 ವರ್ಷಕ್ಕೆ 0.6 ಮಿಲಿಮೀಟರ್, 100 ವರ್ಷಕ್ಕೆ 1.2 ಮಿಲಿಮೀಟರ್ ಸವೆಯುತ್ತದೆ ಅಂತ ಯುರೋಪಿನ ಕೋಡ್ ಲೆಕ್ಕ ಕೊಡುತ್ತದೆ. ಆಳದಲ್ಲಿ ಗಾಳಿ ಕಡಿಮೆ, ಅದಕ್ಕೇ ತುಕ್ಕೂ ಕಡಿಮೆ. ಕಲುಷಿತ ಮಣ್ಣಿನಲ್ಲಿ ಅದೇ 50 ವರ್ಷಕ್ಕೆ 1.5 ಮಿಲಿಮೀಟರ್. ಪೈಪ್‌ನ ದಪ್ಪ 6.3 ಮಿಲಿಮೀಟರ್ ಇದ್ದರೆ ಇಷ್ಟನ್ನು ಮೊದಲೇ ಕಳೆದು ಲೆಕ್ಕ ಮಾಡಬೇಕು, ಅಷ್ಟೆ. ಒಳಗೆ ಕಂಬಿ, ಕಾಂಕ್ರೀಟ್ ಹೇಗೂ ಇರುತ್ತದೆ. ಆದರೆ ಕಸ ತುಂಬಿದ ಜಾಗದಲ್ಲಿ, ಚರಂಡಿ ನೀರು ನಿಲ್ಲುವ ಕಡೆ, ನೀರಿನ ಮಟ್ಟ ಏರಿಳಿಯುವ ಮೇಲಿನ ಒಂದೆರಡು ಮೀಟರ್‌ನಲ್ಲಿ ನಾನು ಧಾರಾಳವಾಗಿ ಕಳೆಯುತ್ತೇನೆ. ಗುಜರಿಯಿಂದ ತಂದ ಹಳೇ ಕೇಸಿಂಗ್ ಪೈಪ್ ಹೊಡೆದು ಕಾಸು ಉಳಿಸೋಣ ಅನ್ನುವವರಿಗೆ ಮಾತ್ರ ಖಂಡಿತ ಬೇಡ ಅನ್ನುತ್ತೇನೆ.

ಚಿತ್ರದುರ್ಗದ ಕಡೆ ಹೋದರೆ ಕಥೆಯೇ ಬೇರೆ. ಊರಿನ ಸುತ್ತ ಬಂಡೆ ಮೇಲಕ್ಕೇ ಸಿಗುತ್ತದೆ, ಹೆಚ್ಚಿನ ಸೈಟುಗಳಲ್ಲಿ ಪೈಲ್ ಮಾತೇ ಬೇಡ. ಅಪಾಯ ಇರುವುದು ಗುಂಡುಕಲ್ಲುಗಳಲ್ಲಿ. ಬಂಡೆ ಸವೆದು ಮಣ್ಣಾಗುವಾಗ ನಡುನಡುವೆ ಗಟ್ಟಿ ಗುಂಡುಗಳು ಉಳಿದುಬಿಡುತ್ತವೆ. ಪೈಪ್ ಎರಡು ಮೀಟರ್ ಇಳಿದು ಟಣ್ ಅಂತ ನಿಲ್ಲುತ್ತದೆ. ಬಂಡೆ ಸಿಕ್ಕಿತು ಅಂತ ಖುಷಿಪಟ್ಟರೆ, ಅದರ ಕೆಳಗೆ ಮೆತ್ತನೆ ಮಣ್ಣು ಇರುತ್ತದೆ. ನಾಲ್ಕು ಅಡಿ ಆಚೆಯ ಪೈಪ್ ಆರು ಮೀಟರ್ ಹೋದರೆ ಅನುಮಾನ ಪಡಲೇಬೇಕು. ಇಂಥಲ್ಲಿ ಹೊಡೆಯುವ ಪೈಪ್ ಬಾಗುತ್ತದೆ, ಕೊರೆಯುವುದೇ ಸರಿ. ಹಿರಿಯೂರು ಕಡೆಯ ಎರೆಯಲ್ಲಿ ಮತ್ತೆ ದಾವಣಗೆರೆಯ ಕಥೆಯೇ. ಅಲ್ಲಿಯ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷದ ಮೇಲೆ. ವರ್ಷಗಟ್ಟಲೆ ಒಣಗಿದ ನೆಲಕ್ಕೆ ಒಮ್ಮೆಗೇ ನೀರು ಬರುವ ಸೀಮೆ ಅದು. ಬರಗಾಲದಲ್ಲಿ ಪಾಯ ಹಾಕಿ "ಮಣ್ಣು ಎಷ್ಟು ಗಟ್ಟಿ ಇದೆ ನೋಡಿ" ಅಂದುಕೊಂಡ ಮನೆಗಳಿಗೆ ಇಂಥ ವರ್ಷ ತುಂಬಾ ಕಷ್ಟದ್ದು.

ದುಡ್ಡಿನ ಮಾತು. 219 ಮಿಲಿಮೀಟರ್ ಅಗಲ, 6.3 ಮಿಲಿಮೀಟರ್ ದಪ್ಪದ ಪೈಪ್ ಮೀಟರ್‌ಗೆ 33 ಕೆಜಿ ತೂಗುತ್ತದೆ. 8 ಮೀಟರ್‌ಗೆ 264 ಕೆಜಿ. ಕೆಜಿಗೆ 80 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ ಪೈಪ್ ಒಂದಕ್ಕೇ 21 ಸಾವಿರ. ಹನ್ನೆರಡು ಪೈಲ್‌ಗೆ ಎರಡೂವರೆ ಲಕ್ಷ. ಯಂತ್ರ, ವೆಲ್ಡಿಂಗ್, ಕಂಬಿ, ಕಾಂಕ್ರೀಟ್ ಬೇರೆ. ಒಣ ಎರೆಯಲ್ಲಿ ಅಂಡರ್‌ರೀಮ್ಡ್ ಪೈಲ್ ಇದಕ್ಕಿಂತ ಅಗ್ಗವಾಗುತ್ತದೆ, ಕೆಲಸವೂ ಚೆನ್ನಾಗಿ ಆಗುತ್ತದೆ. ಅಲ್ಲಿ ಉಕ್ಕು ಹೊಡೆಯುವುದು ಸುಮ್ನೆ ಖರ್ಚು. ನೀರು ನಿಂತ ಗದ್ದೆ, ತುಂಬಿದ ಗುಂಡಿ, ಓಣಿಯೊಳಗಿನ ಹಳೇ ಮನೆ ಇಂಥ ಕಡೆ ಮಾತ್ರ ಈ ದುಡ್ಡು ಸಾರ್ಥಕ.

ಚಿಕ್ಕಪ್ಪನ ಮನೆ ಈ ಕೊನೆಯ ಸಾಲಿಗೆ ಸೇರುತ್ತದೆ. ಮನೆ ಕೆಡವುವ ಹಾಗಿಲ್ಲ, ಪಕ್ಕದಲ್ಲಿ ಏಳು ಅಡಿ ಓಣಿ. ಆ ಮೂಲೆಯ ಪಾಯವನ್ನು ಸ್ವಲ್ಪ ಸ್ವಲ್ಪವೇ ತೆರೆದು, ಎರಡೂ ಬದಿ ಸಣ್ಣ ಪೈಪ್ ಇಳಿಸಿ, ನಡುವೆ ಬೀಮ್ ತೂರಿಸಿ ಗೋಡೆಯ ಭಾರವನ್ನು ಅದರ ಮೇಲೆ ತರಬಹುದು. ಆದರೆ ಒಂದೇ ಮೂಲೆಯನ್ನು ಗಟ್ಟಿ ಮಾಡಿದರೆ ಉಳಿದ ಮನೆ ಆಡುತ್ತಲೇ ಇರುತ್ತದೆ, ಆಗ ಬಿರುಕು ಇನ್ನೊಂದು ಕಡೆ ಹುಟ್ಟುತ್ತದೆ. ಹಾಗಾಗಿ ಸದ್ಯಕ್ಕೆ ಬಚ್ಚಲ ನೀರನ್ನು ಪೈಪ್ ಹಾಕಿ ರಸ್ತೆ ಚರಂಡಿಗೆ ತಿರುಗಿಸಿದ್ದೇವೆ. ಗೋಡೆಗೆ ಹೊಂದಿಕೊಂಡ ಹಾಗೆ ಸುತ್ತಲೂ ನಾಲ್ಕು ಅಡಿ ಅಗಲದ ಕಾಂಕ್ರೀಟ್ ಜಗಲಿ ಹಾಕಿಸಲು ಚಿಕ್ಕಪ್ಪ ಒಪ್ಪಿದ್ದಾರೆ. ಬಿರುಕಿನ ಮೇಲೆ ಅಡ್ಡಕ್ಕೆ ಒಂದು ತೆಳ್ಳನೆ ಗಾಜಿನ ತುಂಡು ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಕು ಬರೆದಿದ್ದೇನೆ. ತಿಂಗಳಿಗೊಮ್ಮೆ ಸ್ಕೇಲ್ ಹಿಡಿದು ಅಗಲ ಬರೆಯುವುದು ಚಿಕ್ಕಮ್ಮನ ಕೆಲಸ. ಗಾಜು ಹಾಕಿ ಮೂರು ತಿಂಗಳಾಯಿತು, ಇನ್ನೂ ಒಡೆದಿಲ್ಲ. ಮುಂದಿನ ಮೇ ತನಕದ ಅಳತೆ ಕೈಗೆ ಬಂದ ಮೇಲೆ ಪೈಲ್ ಬೇಕಾ, ಬೇಕಾದರೆ ಎಷ್ಟು ಅಂತ ಕೂತು ಲೆಕ್ಕ ಹಾಕುತ್ತೇವೆ.